ಮುಂಬಯಿಯ ಹಿತ್ತಿಲಿನ ಗಿಡಗಳು

ಕಳೆದ ಎಪ್ರಿಲ್ ತಿಂಗಳಲ್ಲಿ ನಮಗೊಂದು ಕಚೇರಿ ಕಾಗದ ಬಂತು. ನಾವು ವಾಸವಾಗಿದ್ದ ಸರಕಾರಿ ಕ್ವಾರ್ಟರ್ಸಿನ ಕಟ್ಟಡ ಜೀರ್ಣವಾಗಿರುವುದರಿಂದ ಮಳೆಗಾಲಕ್ಕೆ ಮುಂಚೆ ತೆರವು ಮಾಡತಕ್ಕದ್ದು, ಬದಲಿ ವಸತಿ ಇನ್ನೊಂದು ಕಾಲನಿಯ ನಾಲ್ಕನೆಯ ಮಹಡಿಯಲ್ಲಿದೆ, ಎಂದು ಅದರ ಒಕ್ಕಣೆ. ಮೇಲೆ ಹೋಗುವುದಕ್ಕೆ ನಮಗೆ ಅಭ್ಯಂತರವೇನೂ ಇರಲಿಲ್ಲ. ಗಾಳಿ ಬೆಳಕು ಹೆಚ್ಚು, ಇಲಿಗಳ ಕಾಟ ಕಡಿಮೆ. ಆದರೆ ನೆಲ ಅಂತಸ್ತಿನ ನಮ್ಮ ಮನೆಯ ಹಿಂದೆ, ಅಡಿಗೆಮನೆಯ ಗೋಡೆಗೂ ಕಂಪೌಂಡಿಗೂ ನಡುವೆ, 20 ಅಡಿ ಉದ್ದ 8 ಅಡಿ ಅಗಲದ ಒಂದು ಪಟ್ಟಿ ನೆಲವಿತ್ತು. 14 ವರ್ಷಗಳಿಂದ ನಾವು ಅದನ್ನು ಹಿತ್ತಿಲು ಎಂದೇ ಕರೆಯುತ್ತ ಬಂದಿದ್ದೆವು.

ಹೊಸ ಮನೆಯಲ್ಲಿರುವುದು 6 ಅಡಿಗೆ 3 ಅಡಿಯ ಬಾಲ್ಕನಿ. ಒಂದು ಡಜನ್ ಕುಂಡಗಳಿಗಿಂತ ಹೆಚ್ಚು ಹಿಡಿಯದು. ಹಿತ್ತಿಲಿನಲ್ಲಿದ್ದದ್ದು ಚಿಕ್ಕದು ದೊಡ್ಡದು ಸೇರಿ ನಲವತ್ತು ಬಗೆ. ಯಾವುದನ್ನು ಒಯ್ಯುವುದು, ಯಾವುದನ್ನು ಬಿಡುವುದು ಎಂದು ರಾತ್ರಿ ಊಟವಾದ ಮೇಲೆ ಮನೆಯಲ್ಲಿ ಸಭೆ ಸೇರಿತು. ನಮ್ಮ ತಾಯಿಯವರು ಕುಂದಾಪುರದ ಕಡೆಯವರು. ಅವರಿಗೆ ಪಾರಿಜಾತ ಬೇಕು, ಬಸಳೆಯಂತೂ ಬೇಕೇ ಬೇಕು. "ಬಸಳೆ ಬಿಟ್ಟಿಕೆ ಹೋಪುಕಾತ್ತಾ ಮಗಾ?" ಎಂದು ಅವರು ಕೇಳಿದ ದನಿಗೆ ಉತ್ತರವಿರಲಿಲ್ಲ. ಮನೆಯಾಕೆ ಮೈಸೂರಿನವರು, ಅವರದು ಗುಲಾಬಿ ಮತ್ತು ಸೇವಂತಿಗೆಯ ಪಕ್ಷ. ಕಾಲೇಜಿಗೆ ಹೋಗುವ ಮಗಳಿಗೆ ಅಂದಕ್ಕೊಂದು ಬೋಗನ್‌ವಿಲ್ಲಾ, ಎರಡು ಕ್ರೋಟನ್. ವ್ಯಾಜ್ಯ ಬಗೆಹರಿಸಲು ನಾವು ಯಜಮಾನಿಕೆಯ ಗತ್ತಿನಿಂದ ತೀರ್ಪಿತ್ತೆವು: "ನಮ್ಮ ನಾಡಿನ ಗಿಡಗಳನ್ನು ಮಾತ್ರ ಒಯ್ಯೋಣ." ಮಗಳು ತಟ್ಟನೆ ಕೇಳಿದಳು: "ಹಾಗಾದರೆ ಮೆಣಸಿನ ಗಿಡ ಯಾವ ನಾಡಿನದು, ಅಪ್ಪಾ?"

ಬಿ.ಎಸ್‌ಸಿ.ಯಲ್ಲಿ ಸಸ್ಯಶಾಸ್ತ್ರ ಓದಿ, ಆಮೇಲೆ 20 ವರ್ಷ ಫೈಲುಗಳಲ್ಲೇ ಕಾಲ ಕಳೆದ ನಮಗೆ ಆ ಪ್ರಶ್ನೆ ಚುಚ್ಚಿತು. ಉತ್ತರ ಗೊತ್ತಿತ್ತು. ಮೆಣಸಿನಕಾಯಿ ಅಮೆರಿಕ ಖಂಡದ್ದು. ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ನಮ್ಮ ಕರಾವಳಿಗೆ ಬಂದದ್ದು. ಹಾಗೆ ನೋಡಿದರೆ ಟೊಮೇಟೊ, ಸಿಹಿಗುಂಬಳ, ಪಪ್ಪಾಯಿ, ಪೇರಳೆ, ಗೇರು ಎಲ್ಲವೂ ಅಲ್ಲಿಯವೇ. ದಸರೆಯ ಬಾಗಿಲಿಗೆ ಕಟ್ಟುವ ಚೆಂಡು ಹೂ, ಮದುವೆ ಮಂಟಪದ ಸುಗಂಧರಾಜ ಎರಡೂ ಮೆಕ್ಸಿಕೋ ದೇಶದವು. ಸೇವಂತಿಗೆ ಚೀನದ್ದು. ಬೆಂಡೆಯ ತವರು ಆಫ್ರಿಕವೆಂದು ಹೇಳುವವರು ಬಹಳ ಮಂದಿ. ನಮ್ಮ ತೀರ್ಪನ್ನು ಅಕ್ಷರಶಃ ಪಾಲಿಸಿದರೆ ಸಾರಿಗೆ ಖಾರವಿಲ್ಲ, ದಸರೆಗೆ ಹೂವಿಲ್ಲ. ಅಂದಿನಿಂದ ನಾಲ್ಕಾರು ಶನಿವಾರ ಪುಸ್ತಕಗಳನ್ನು ತಿರುವಿಹಾಕಿ, ಈ ಊರಿನಲ್ಲಿ ಯಾರು ಯಾವ ಗಿಡವನ್ನು ಏಕೆ ಆರಿಸಿ ನೆಟ್ಟರು ಎಂದು ಹುಡುಕಿದೆವು. ಅದರ ಫಲವೇ ಈ ಲೇಖನ.

ಮೊದಲು ಒಂದು ಮಾತು. ಮುಂಬಯಿಯಲ್ಲಿ ತೋಟವೆಲ್ಲಿ ಎಂದು ಊರಿನಿಂದ ಬಂದವರು ಕೇಳುವುದುಂಟು. ಈ ನಗರ ತೋಟಗಳ ಮೇಲೆಯೇ ಎದ್ದು ನಿಂತಿದೆ. ಗಿರಗಾಂವಿನ ಓಣಿಗಳ ಹೆಸರು ನೋಡಿ: ಆಂಬೇವಾಡಿ, ಕೇಳೇವಾಡಿ, ಫಣಸವಾಡಿ, ಕಾಂದೇವಾಡಿ. ಮಾವು, ಬಾಳೆ, ಹಲಸು, ಈರುಳ್ಳಿ. ವಾಡಿ ಎಂದರೆ ನಮ್ಮ ಹಿತ್ತಿಲು, ತೋಟ. 1909ರಲ್ಲಿ ಎಡ್ವರ್ಡ್ಸ್ ಸಿದ್ಧಪಡಿಸಿದ ಮುಂಬಯಿಯ ಗೆಜೆಟಿಯರ್ ಇನ್ನೂ ಮುಂದೆ ಹೋಗುತ್ತದೆ. ಚಿಂಚಪೋಕಳಿಯಲ್ಲಿ ಹುಣಿಸೆ, ವಡಾಲದಲ್ಲಿ ಆಲ, ಉಮರಖಾಡಿಯಲ್ಲಿ ಅತ್ತಿ, ಪರೇಲದಲ್ಲಿ ಪಾದರಿ ಮರ. ಭೇಂಡಿ ಬಜಾರ್ ಬೆಂಡೆಕಾಯಿಯ ಸಂತೆಯಾಗಿರಲಿಲ್ಲ. ಅಲ್ಲಿದ್ದದ್ದು ಹೂವರಸೆ ಮರಗಳು, ಮರಾಠಿಯಲ್ಲಿ ಅದಕ್ಕೂ ಭೇಂಡಿ ಎಂದೇ ಹೆಸರು. ಸಸ್ಯಶಾಸ್ತ್ರದಲ್ಲಿ ಎರಡೂ ದಾಸವಾಳದ ಕುಟುಂಬಕ್ಕೇ ಸೇರಿದವು. ದಿನವೂ ಲೋಕಲ್ ಗಾಡಿಯಲ್ಲಿ ನಾವು ಈ ಹೆಸರುಗಳನ್ನು ಕೇಳುತ್ತಲೇ ಇಳಿಯುತ್ತೇವೆ, ಹತ್ತುತ್ತೇವೆ. ಮರಗಳು ಹೋಗಿ ಎಷ್ಟೋ ಕಾಲವಾಯಿತು.

ಈ ದ್ವೀಪದ ಮನೆತೋಟದ ಬಗ್ಗೆ ಬರೆದು ಅಚ್ಚು ಹಾಕಿಸಿದವರಲ್ಲಿ ಬಹಳ ಹಿಂದಿನವನೆಂದು ನಮಗೆ ಸಿಕ್ಕಿದವನು ಒಬ್ಬ ವೈದ್ಯ, ಗಾರ್ಸಿಯಾ ದ ಓರ್ತಾ. ಪೋರ್ಚುಗಲ್ಲಿನಿಂದ 1534ರಲ್ಲಿ ಗೋವೆಗೆ ಬಂದವನು. 1550ರ ದಶಕದಲ್ಲಿ ಮುಂಬಯಿ ದ್ವೀಪ ಅವನಿಗೆ ಗೇಣಿಗೆ ಸಿಕ್ಕಿತು. ಇಂದಿನ ಟೌನ್ ಹಾಲಿನ ಹಿಂದೆ, ನೌಕಾಪಡೆಯ ಆವರಣದಲ್ಲಿರುವ ಜಾಗದಲ್ಲಿ ಅವನ ಬಂಗಲೆ ಮತ್ತು ತೋಟವಿತ್ತು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ಅವನ ಗ್ರಂಥ ಭಾರತದ ಗಿಡಮೂಲಿಕೆಗಳ ಕುರಿತಾದ ಸಂಭಾಷಣೆಗಳ ರೂಪದಲ್ಲಿದೆ. ಭಾರತದಲ್ಲಿ ಅಚ್ಚು ಕಂಡ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಮುಂಬಯಿ ದ್ವೀಪದಲ್ಲಿರುವ ತನ್ನ ಮಾವಿನ ಮರ ವರ್ಷಕ್ಕೆ ಎರಡು ಸಲ ಹಣ್ಣು ಕೊಡುತ್ತದೆ ಎಂದು ಅವನು ಹೆಮ್ಮೆಯಿಂದ ಬರೆದಿದ್ದಾನೆ. ಕರಾವಳಿಯವರಿಗೆ ಇನ್ನೂ ಸಂತೋಷವಾಗುವ ಸಂಗತಿಯೆಂದರೆ ನಮ್ಮ ಪುನರ್ಪುಳಿಗೂ ಅದರಲ್ಲಿ ಸ್ಥಾನವಿದೆ. (ಪುನರ್ಪುಳಿಯ ಕುಲಕ್ಕೆ ಗಾರ್ಸೀನಿಯಾ ಎಂಬ ಹೆಸರು ಇವನಿಂದ ಬಂದದ್ದೆಂದು ನಾವು ಕಾಲೇಜಿನಲ್ಲಿ ತಿಳಿದಿದ್ದೆವು. ಅದು ತಪ್ಪು, ಲೋರಾನ್ ಗಾರ್ಸಿನ್ ಎಂಬ ಬೇರೊಬ್ಬ ವೈದ್ಯನ ನೆನಪಿಗೆ ಲಿನೇಯಸ್ ಇಟ್ಟ ಹೆಸರು.)

ಆ ಪುಸ್ತಕದಲ್ಲಿ ಪಾರಿಜಾತಕ್ಕೇ ಒಂದು ಅಧ್ಯಾಯವಿರುವುದನ್ನು ಕಂಡು ನಾವು ಬೆರಗಾದೆವು. ಓರ್ತಾ ಅದನ್ನು ದುಃಖದ ಮರ ಎನ್ನುತ್ತಾನೆ. ಸೂರ್ಯನನ್ನು ಪ್ರೀತಿಸಿ, ಅವನಿಂದ ತ್ಯಕ್ತಳಾಗಿ, ಪ್ರಾಣ ಕಳೆದುಕೊಂಡ ಹೆಣ್ಣಿನ ಬೂದಿಯಿಂದ ಹುಟ್ಟಿದ ಗಿಡವಾದುದರಿಂದ ಅದರ ಹೂ ಸೂರ್ಯನ ಮುಖ ನೋಡದೆ ಉದುರುತ್ತದೆ ಎಂಬ ಕಥೆಯನ್ನು ಅವನು ಇಲ್ಲಿಯ ಜನರಿಂದ ಕೇಳಿ ದಾಖಲಿಸಿದ. ಮನೆಗೆ ಬಂದು ಹೇಳಿದಾಗ ನಮ್ಮ ತಾಯಿಯವರು ಆಶ್ಚರ್ಯಪಡಲಿಲ್ಲ. "ಅವನಿಗೂ ಯಾರೋ ಅಜ್ಜಿ ಹೇಳಿರಬೇಕು" ಎಂದರು. ಓರ್ತಾನ ಅಂತ್ಯ ಮಾತ್ರ ಕಥೆಗಿಂತ ದುಃಖದ್ದು. ಅವನ ವಂಶ ಯೆಹೂದ್ಯರದು. ಅವನು 1568ರಲ್ಲಿ ತೀರಿಕೊಂಡ ಮೇಲೆ, ಗೋವೆಯ ಮತೀಯ ನ್ಯಾಯಾಲಯ 1580ರಲ್ಲಿ ಅವನ ಮೂಳೆಗಳನ್ನು ಗೋರಿಯಿಂದ ತೆಗೆಸಿ ಸುಡಿಸಿತು.

ಅವನಾದ ಮೇಲೆ ದ್ವೀಪ ಪೋರ್ಚುಗೀಸರಿಂದ ಇಂಗ್ಲಿಷರಿಗೆ ದಾಟಿತು. ಆ ರಾಜಕಾರಣವನ್ನು ಬಿಟ್ಟು ನಾವು ನೇರವಾಗಿ 1830ಕ್ಕೆ ಬರೋಣ. ಆ ವರ್ಷ ಪಶ್ಚಿಮ ಭಾರತದ ಕೃಷಿ ಮತ್ತು ತೋಟಗಾರಿಕೆ ಸಂಘ ಮುಂಬಯಿಯಲ್ಲಿ ಹುಟ್ಟಿತು. ಶಿವಡಿಯಲ್ಲಿ ಅದು ಒಂದು ಸಸ್ಯೋದ್ಯಾನವನ್ನು ಮಾಡಿತು. ಈ ಸಂಘದ ಕೆಲಸದಲ್ಲಿ ಕೈಜೋಡಿಸಿದವರಲ್ಲಿ ಜಾನ್ ಗ್ರಹಾಂ ಎಂಬಾತನ ಮೇಲೆ ನಮಗೆ ವಿಶೇಷ ಅಭಿಮಾನ ಹುಟ್ಟಿತು. ಕಾರಣ, ಆತ ಪ್ರೊಫೆಸರನಲ್ಲ, ವೈದ್ಯನಲ್ಲ; ಅಂಚೆ ಇಲಾಖೆಯ ನೌಕರ. ಹುದ್ದೆ ದೊಡ್ಡದೇ ಇತ್ತು, ಆದರೂ ಬೆಳಗಾದರೆ ಟಪ್ಪಾಲು, ಲೆಕ್ಕಪತ್ರ, ಮೇಲಿನವರ ತಗಾದೆ ತಪ್ಪಿದ್ದಲ್ಲ. ಅದರ ನಡುವೆಯೇ ಮುಂಬಯಿ ಮತ್ತು ಅದರ ಸುತ್ತಮುತ್ತ ಬೆಳೆಯುವ ಗಿಡಗಳ ಒಂದು ಪಟ್ಟಿಯನ್ನು ತಯಾರಿಸಿದ. ಪುಸ್ತಕ 1839ರಲ್ಲಿ ಹೊರಬಂತು. ಅದೇ ವರ್ಷ, ಮುದ್ರಣ ಮುಗಿಯುವ ಮೊದಲೇ, ಇನ್ನೂ 34-35ರ ಪ್ರಾಯದಲ್ಲಿ ಗ್ರಹಾಂ ತೀರಿಕೊಂಡ. ಉಳಿದ ಭಾಗವನ್ನು ಮುಗಿಸಿಕೊಟ್ಟವನು ನಿಮ್ಮೊ ಎಂಬ ಗೆಳೆಯ.

ಆ ಪುಸ್ತಕದ ಉದ್ದನೆಯ ಶೀರ್ಷಿಕೆಯಲ್ಲೇ ಅವನು ಗಿಡಗಳನ್ನು ಮೂರು ವರ್ಗ ಮಾಡಿದ್ದಾನೆ: ತಾವಾಗಿ ಬೆಳೆದವು, ಸಾಗುವಳಿಯವು, ಹೊರಗಿನಿಂದ ತಂದವು. ಮೂರೂ ಒಂದೇ ಪಟ್ಟಿಯಲ್ಲಿವೆ. ನಮ್ಮ ನಾಡಿನದೇ, ಪರನಾಡಿನದೇ ಎಂಬ ನಮ್ಮ ರಾತ್ರಿಯ ತೀರ್ಪು ಎಷ್ಟು ಅವಸರದ್ದಾಗಿತ್ತು ಎಂದು ಅದನ್ನು ಓದಿದಾಗ ತಿಳಿಯಿತು. ಗ್ರಹಾಂ ಕೇಳಿದ ಪ್ರಶ್ನೆ ಇಷ್ಟೇ: ಈಗ ಇದು ಮುಂಬಯಿಯಲ್ಲಿ ಬೆಳೆಯುತ್ತಿದೆಯೇ?

ಶಿವಡಿಯ ತೋಟ ಬಹಳ ಕಾಲ ಉಳಿಯಲಿಲ್ಲ. ಮೊದಲ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡನ ಕಾಲದಲ್ಲಿ, 1865ರ ಸುಮಾರಿಗೆ, ಆ ಜಾಗ ಕ್ರೈಸ್ತರ ಸ್ಮಶಾನವಾಯಿತು. ಇಂದಿಗೂ ಅದು ಸ್ಮಶಾನವೇ. ಅಷ್ಟರಲ್ಲಿ ಭಾಯಖಳದಲ್ಲಿ ಹೊಸ ಉದ್ಯಾನ ಸಿದ್ಧವಾಗಿತ್ತು. 1862ರ ನವೆಂಬರ್ 19ರಂದು ಗವರ್ನರನ ಪತ್ನಿ ಲೇಡಿ ಫ್ರೇರ್ ಅದನ್ನು ತೆರೆದಳು. ಅದು ವಿಕ್ಟೋರಿಯಾ ಗಾರ್ಡನ್ಸ್, ಜನರ ಬಾಯಲ್ಲಿ ರಾಣೀಬಾಗ್, ಈಗ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ. 1873ರಲ್ಲಿ ಸಂಘವೇ ಮುಳುಗಿ ಉದ್ಯಾನ ಮುನಿಸಿಪಾಲಿಟಿಯ ಕೈಗೆ ಬಂತು. ಪ್ರಾಣಿಗಳು ಆಮೇಲೆ, 1890ರಲ್ಲಿ ಬಂದವು. ನಮ್ಮಲ್ಲಿ ಹೆಚ್ಚಿನವರು ಮಕ್ಕಳನ್ನು ಆನೆ, ಹುಲಿ, 2016ರಿಂದೀಚೆಗೆ ಪೆಂಗ್ವಿನ್ ತೋರಿಸಲು ಕರೆದೊಯ್ದು, ಸುತ್ತಲಿನ ಮರಗಳ ನೆರಳಿನಲ್ಲಿ ಚಿತ್ರಾನ್ನ ತಿಂದು, ಮರಗಳನ್ನು ನೋಡದೆ ಮನೆಗೆ ಮರಳುತ್ತೇವೆ. ನಾವೂ ಹಾಗೆಯೇ ಮಾಡಿದವರು. ಆಫ್ರಿಕದ ದೊಡ್ಡ ಹುಣಿಸೆ, ಮ್ಯಾನ್ಮಾರಿನ ಆಮ್ಹರ್ಸ್ಟಿಯಾ ಅಲ್ಲಿವೆ. ನಗರದ ಬೀದಿಗಳಲ್ಲಿ ಕಾಣುವ ಗುಲ್‌ಮೊಹರ್ ಮಡಗಾಸ್ಕರದ್ದು, ಮಳೆಮರ ದಕ್ಷಿಣ ಅಮೆರಿಕದ್ದು. ಮೇ ತಿಂಗಳಲ್ಲಿ ಊರಿಗೆ ಹೋಗುವ ಟಿಕೇಟು ಸಿಗದೆ ಕುಳಿತಾಗ ಕಣ್ಣಿಗೆ ಹಬ್ಬವಾಗುವ ಆ ಕೆಂಪು ಹೂವೂ ವಲಸಿಗನೇ.

ಮೈಸೂರಿನ ಪಕ್ಷದವರು ಇಲ್ಲಿ ಲಾಲ್‌ಬಾಗಿನ ಮಾತೆತ್ತದೆ ಬಿಡಲಾರರು. ನಮ್ಮ ಮನೆಯಾಕೆಯೂ ಎತ್ತಿದರು. ನ್ಯಾಯವೇ. ರಾಣೀಬಾಗಿಗಿಂತ 100 ವರ್ಷ ಮೊದಲೇ, 1760ರಲ್ಲಿ, ಹೈದರಾಲಿ ಅದನ್ನು ಆರಂಭಿಸಿದ. ಟಿಪ್ಪು ದೂರದ ದೇಶಗಳಿಂದ ಬೀಜ, ಸಸಿ ತರಿಸಿದ. ಅಲ್ಲಿಯ ಅಧಿಕಾರಿಯಾಗಿದ್ದ ಕ್ಯಾಮರಾನ್ ಸೀಮೆಬದನೆಯನ್ನು ತಂದು ಬೆಳೆಸಿ ಹರಡಿದ. ಹೆಸರಿನಲ್ಲೇ 'ಸೀಮೆ' ಇದ್ದರೂ ಇಂದು ಬೆಂಗಳೂರಿನವರ ಹುಳಿಗೆ ಅದಕ್ಕಿಂತ ಆಪ್ತವಾದ ತರಕಾರಿಯಿಲ್ಲ. ಆ ಬಳ್ಳಿಯನ್ನು ನಾವು ಇಲ್ಲಿ ಎರಡು ವರ್ಷ ಬೆಳೆಸಿದೆವು. ಎಲೆ ಧಾರಾಳ, ಕಾಯಿ ಒಂದೂ ಇಲ್ಲ.

ಇಲ್ಲಿಯೇ ನಮ್ಮ ಬಿ.ಎಸ್‌ಸಿ. ಕೊಂಚ ಉಪಯೋಗಕ್ಕೆ ಬಂತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲಿದೆ; ರಾತ್ರಿ ತಂಪು. ಗುಲಾಬಿ, ಸೇವಂತಿಗೆ, ಸೀಮೆಬದನೆಗಳಿಗೆ ಆ ತಂಪು ಬೇಕು. ಮುಂಬಯಿಯಲ್ಲಿ ವರ್ಷಕ್ಕೆ 2000 ಮಿಲಿಮೀಟರಿಗೂ ಮೀರಿ ಮಳೆ, ಅದೂ ಹೆಚ್ಚುಕಡಿಮೆ ಪೂರ್ತಿಯಾಗಿ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಮೇಲೆ ಎಂಟು ತಿಂಗಳು ಒಣ, ಗಾಳಿಯಲ್ಲಿ ಸದಾ ಉಪ್ಪು. ಅಂದರೆ ಹವೆಯ ಲೆಕ್ಕದಲ್ಲಿ ಈ ಊರು ಮಂಗಳೂರು ಉಡುಪಿಗಳ ದಾಯಾದಿ. ಬಸಳೆ, ಹರಿವೆ, ಕೆಸು, ತೊಂಡೆ, ಒಂದೆಲಗ, ದಾಸವಾಳ, ಕೇಪಳ, ಅಬ್ಬಲಿಗೆ ಇವಕ್ಕೆ ಇಲ್ಲಿ ತವರಿನ ಹವೆಯೇ. ಚಳಿಗಾಲದ ಮೂರು ತಿಂಗಳು ಮಾತ್ರ ಮೈಸೂರಿನವರ ಸೇವಂತಿಗೆಗೂ ಟೊಮೇಟೊಗೂ ಬಿಡುವು ಸಿಗುತ್ತದೆ. ಈ ವಿವರಣೆಯನ್ನು ಮನೆಯಾಕೆ ಪೂರ್ತಿ ಕೇಳಿ, "ಅಂತೂ ನಿಮ್ಮ ಕಡೆಯದೇ ಗೆದ್ದಿತು ಅನ್ನಿ" ಎಂದರು. ಅವರ ಗುಲಾಬಿಗೆ ಒಂದು ಕುಂಡ ಕಾದಿರಿಸಿದೆವು. ವಿಜ್ಞಾನಕ್ಕೂ ಸಂಸಾರಕ್ಕೂ ನಡುವೆ ಒಂದು ಕುಂಡದಷ್ಟು ಅಂತರ ಇರುವುದು ಒಳ್ಳೆಯದು.

ಕುಂಡವೆಂದಾಗ ನೆನಪಾಯಿತು. ಇಲ್ಲಿಯ ನರ್ಸರಿಯ ಮಾಳಿಗಳು ಅದಕ್ಕೆ ಬಳಸುವ ಮರಾಠಿ ಶಬ್ದ ನಮ್ಮವರ ಕಿವಿಗೆ ಬೇರೆಯೇ ಅರ್ಥ ಕೊಡುತ್ತದೆ. "ಅಮ್ಮಾ, ನಿಮಗೆ ದೊಡ್ಡ ಕುಂಡಿ ಬೇಕೋ ಸಣ್ಣದು ಸಾಕೋ?" ಎಂದು ಆತ ತನ್ನ ಭಾಷೆಯಲ್ಲಿ ಭಕ್ತಿಯಿಂದ ಕೇಳಿದಾಗ ನಮ್ಮ ತಾಯಿಯವರು ಸೆರಗನ್ನು ಬಾಯಿಗೊತ್ತಿಕೊಂಡು ರಸ್ತೆಯ ಆಚೆ ಬದಿಗೆ ಹೋಗಿ ನಿಂತರು.

ನಗರದ ಜನ ಅಂದಕ್ಕಾಗಿ ಗಿಡ ನೆಟ್ಟದ್ದು ಒಂದು ಕಾಲ, ಹೊಟ್ಟೆಗಾಗಿ ನೆಟ್ಟದ್ದು ಇನ್ನೊಂದು ಕಾಲ. 1896ರ ಪ್ಲೇಗಿನ ಭಯಂಕರ ದಿನಗಳ ಬಳಿಕ, 1898ರಲ್ಲಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಸ್ಥಾಪನೆಯಾಯಿತು. ದಾದರ್, ಮಾಟುಂಗಾ ಬಡಾವಣೆಗಳು ಅದರ ಯೋಜನೆಯ ಫಲ. ಗಾಳಿ ಬೆಳಕಿಲ್ಲದ ಚಾಳುಗಳಲ್ಲಿ ರೋಗ ಹರಡಿದ್ದನ್ನು ಕಂಡವರು ಅಗಲ ರಸ್ತೆ, ಸಾಲುಮರ, ನಡುನಡುವೆ ಉದ್ಯಾನಗಳನ್ನು ಬೇಕೆಂದೇ ಬಿಟ್ಟರು. ಫೈವ್ ಗಾರ್ಡನ್ಸ್ ಆ ಬಡಾವಣೆಗೆ ಸೇರಿದ್ದು. ನಮ್ಮವರು ಹಲವರು ನೆಲೆಯೂರಿದ್ದು ಆ ಮರಗಳ ಅಡಿಯಲ್ಲೇ. ಅಲ್ಲಿಯ ಮಾರುಕಟ್ಟೆಯಲ್ಲಿ ಇಂದಿಗೂ ಬಾಳೆಎಲೆ, ಕರಿಬೇವು, ಕನಕಾಂಬರ, ಮರುಗ ಸಿಗುತ್ತವೆ. ಶಂಕರಪುರದ ಮಲ್ಲಿಗೆಯೂ ಮುಂಬಯಿಗೆ ಬರುತ್ತದೆ. ಹಬ್ಬದ ಮುನ್ನಾದಿನ ಅದರ ಬೆಲೆ ಕೇಳುವುದಕ್ಕೆ ಮಾತ್ರ ಎದೆ ಗಟ್ಟಿಯಿರಬೇಕು.

ಹೊಟ್ಟೆಯ ಕಾಲ ಬಂದದ್ದು ಎರಡನೆಯ ಮಹಾಯುದ್ಧದಲ್ಲಿ. 1943ರಲ್ಲಿ ಮುಂಬಯಿಯಲ್ಲಿ ಧಾನ್ಯಕ್ಕೆ ರೇಷನ್ ಬಂತು. ಹೆಚ್ಚು ಆಹಾರ ಬೆಳೆಯಿರಿ ಎಂಬ ಚಳವಳಿ ಆಗಿನದು. ಯುದ್ಧ ಮುಗಿದರೂ ಆ ಘೋಷಣೆ ಮುಗಿಯಲಿಲ್ಲ. ರೈಲು ಹಳಿಗಳ ಪಕ್ಕದ ಖಾಲಿ ನೆಲವನ್ನು ನೌಕರರಿಗೆ ಸೊಪ್ಪು ತರಕಾರಿ ಬೆಳೆಯಲು ಕೊಟ್ಟದ್ದೂ ಅದೇ ಹೆಸರಿನ ಯೋಜನೆಯಲ್ಲಿ. ಉದ್ದೇಶ ಒಳ್ಳೆಯದೇ. ಆದರೆ ಹಳಿಯ ಬದಿಯ ಪಾಲಕ್ ಸೊಪ್ಪಿಗೆ ಗಟಾರದ ನೀರು ಹೊಯ್ಯುವುದನ್ನು ಗಾಡಿಯ ಕಿಟಕಿಯಿಂದ ಕಣ್ಣಾರೆ ಕಂಡ ಮೇಲೆ, ಮನೆಯಲ್ಲಿ ಒಂದು ಕುಂಡವಾದರೂ ಸೊಪ್ಪಿಗೆ ಇರಲೇಬೇಕೆಂಬ ಅಭಿಪ್ರಾಯಕ್ಕೆ ನಾವು ಬಂದೆವು. ಹರಿವೆ ಬೀಜ ಚೆಲ್ಲಿದರೆ ಒಂದು ತಿಂಗಳೊಳಗೆ ಸಾಂಬಾರಿಗಾಗುತ್ತದೆ. ನೆಲವೇ ಬೇಕೆಂಬ ನಿಯಮವೂ ಇಲ್ಲ. ಮಲಬಾರ್ ಹಿಲ್ಲಿನ ಹ್ಯಾಂಗಿಂಗ್ ಗಾರ್ಡನ್ ನಿಂತಿರುವುದು ನೀರಿನ ಜಲಾಶಯದ ಛಾವಣಿಯ ಮೇಲೆ. ಮುಂಬಯಿ ಬಂದರಿನ ನೌಕರರಿಗೆ ಊಟ ಒದಗಿಸುವ ಅಡಿಗೆಮನೆಯ ತಾರಸಿಯಲ್ಲಿ, 2002ರಿಂದ, ಅಲ್ಲಿಯ ಅಧಿಕಾರಿ ಪ್ರೀತಿ ಪಾಟೀಲರು ಅಡಿಗೆಯ ಕಸವನ್ನೇ ಗೊಬ್ಬರ ಮಾಡಿ ಹಣ್ಣು ತರಕಾರಿಗಳ ತೋಟ ಎಬ್ಬಿಸಿದರು. ಓರ್ತಾನ ತೋಟವಿದ್ದದ್ದೂ ಆ ಬಂದರಿನ ಕರೆಯಲ್ಲೇ.

ಔಷಧಿಯ ಗಿಡಗಳ ವಿಷಯದಲ್ಲಿ ಒಂದು ಎಚ್ಚರಿಕೆಯ ಮಾತು. ತುಳಸಿ, ದೊಡ್ಡಪತ್ರೆ, ಒಂದೆಲಗ ಇವು ನಮ್ಮ ಅಡಿಗೆಗೂ ನೆಗಡಿಗೂ ಒದಗುವ ನಿರಪಾಯದ ಗಿಡಗಳು. ಆದರೆ ಪ್ರತಿ ಬಾಲ್ಕನಿಯಲ್ಲೂ ನಗುವ ನಿತ್ಯಪುಷ್ಪ ಹಾಗಲ್ಲ. ಮಡಗಾಸ್ಕರದಿಂದ ಬಂದ ಈ ಗಿಡದಿಂದಲೇ 1950ರ ದಶಕದಲ್ಲಿ ರಕ್ತದ ಕ್ಯಾನ್ಸರಿನ ಮದ್ದು ಕಂಡುಹಿಡಿದರು. ಮಕ್ಕಳ ಪ್ರಾಣ ಉಳಿಸುವ ಆ ಮದ್ದು ವೈದ್ಯರ ಕೈಯಲ್ಲಿದ್ದರಷ್ಟೇ ಮದ್ದು. ಯಾರೋ ಹೇಳಿದರೆಂದು ಅದರ ಎಲೆಯನ್ನು ಅಗಿಯಬಾರದು, ಅದು ವಿಷ. ಕಣಗಿಲೆಯೂ ಹಾಗೆಯೇ. ಅಂಬೆಗಾಲಿಡುವ ಮಕ್ಕಳಿರುವ ಮನೆಯಲ್ಲಿ ಕಣಗಿಲೆ ಬೇಡವೇ ಬೇಡ.

ಕಡೆಗೆ ನಾವು ಒಯ್ದದ್ದು ಇಷ್ಟು: ತುಳಸಿ, ಕರಿಬೇವು, ಮೆಣಸು, ದೊಡ್ಡಪತ್ರೆ, ಒಂದೆಲಗ, ಎರಡು ಕುಂಡ ಹರಿವೆ, ದಾಸವಾಳದ ಗೆಲ್ಲು, ಒಂದು ಮಲ್ಲಿಗೆ, ಮೈಸೂರಿನ ಗುಲಾಬಿ, ಬಸಳೆಯ ನಾಲ್ಕು ದಂಟು. ಮಗಳ ಬೋಗನ್‌ವಿಲ್ಲಾವನ್ನೂ ಒಯ್ದೆವು. ಅದು ಬ್ರೆಜಿಲಿನದು, ಮುಳ್ಳು ಬೇರೆ. ಆದರೆ ಪಶ್ಚಿಮದ ಬಿಸಿಲಿಗೂ ಉಪ್ಪು ಗಾಳಿಗೂ ಜಗ್ಗದ ಗಿಡ ಅದಕ್ಕಿಂತ ಇನ್ನೊಂದು ನಮಗೆ ಸಿಗಲಿಲ್ಲ. ಕ್ರೋಟನ್‌ಗಳನ್ನು ನೆರೆಯವರಿಗೆ ಕೊಟ್ಟೆವು.

ಪಾರಿಜಾತ 12 ಅಡಿ ಎತ್ತರ ಬೆಳೆದಿತ್ತು. ಮಾಳಿ ಬಂದು ನೋಡಿ, ಈ ಪ್ರಾಯದಲ್ಲಿ ಕಿತ್ತರೆ ಬದುಕುವುದಿಲ್ಲ ಎಂದ. ಮನೆ ಒಪ್ಪಿಸುವ ದಿನ ಕಚೇರಿಯಿಂದ ಬಂದವರು ಪಟ್ಟಿ ಹಿಡಿದು ನಳ್ಳಿ, ಪಂಖ, ಕಿಟಕಿಯ ಗಾಜು, ಸ್ವಿಚ್ಚು ಎಣಿಸಿ ಟಿಕ್ ಹಾಕಿದರು. ಹಿಂಬಾಗಿಲು ತೆರೆದು ನೋಡಿ, ಅಲ್ಲಿ ಬರೆದುಕೊಳ್ಳುವಂಥದ್ದೇನೂ ಇಲ್ಲವೆಂದು ಮುಚ್ಚಿದರು. ನಮಗೆ ಗ್ರಹಾಂ ನೆನಪಾದ. ಅವನಾಗಿದ್ದರೆ ಪೆನ್ನು ತೆಗೆಯುತ್ತಿದ್ದ.

ನಾವು ಬಿಟ್ಟುಬಂದು ಐದು ತಿಂಗಳಾಯಿತು. ಕಟ್ಟಡ ಇನ್ನೂ ಒಡೆದಿಲ್ಲ, ಟೆಂಡರು ಆಗಬೇಕಂತೆ. ಹೊಸ ಬಾಲ್ಕನಿಯಲ್ಲಿ ಬಸಳೆ ಸರಳುಗಳನ್ನು ಹಿಡಿದು ಐದನೆಯ ಮಹಡಿಯವರ ಕಡೆಗೆ ಹೊರಟಿದೆ. ಪಾರಿಜಾತದ ಆರು ಬೀಜ ಹಾಕಿದ್ದೆವು, ಎರಡು ಮೊಳೆತಿವೆ. ಈಗ ಅದರ ಹೂವಿನ ಕಾಲ. ಶನಿವಾರ ಬೆಳಿಗ್ಗೆ ಆರು ಗಂಟೆಗೆ ನಮ್ಮ ತಾಯಿಯವರು ಮೊಮ್ಮಗಳನ್ನು ಕರೆದುಕೊಂಡು ರಿಕ್ಷಾದಲ್ಲಿ ಹಳೆಯ ಕಾಲನಿಗೆ ಹೋಗುತ್ತಾರೆ. ಕಾವಲುಗಾರ ಗೇಟು ತೆಗೆದುಕೊಡುತ್ತಾನೆ. ಹಿತ್ತಿಲಿನಲ್ಲಿ ಬಿದ್ದ ಹೂವನ್ನೆಲ್ಲ ಆಯ್ದು, ಒಂದು ಹಿಡಿ ಅವನ ಮೇಜಿನ ಮೇಲಿನ ಗಣಪತಿಗೆ ಇಟ್ಟು, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬರುತ್ತಾರೆ.